ಮಾರ್ಪಡಿಸಿದ ಹಳೆಯ ಸ್ಕೈಲೈನ್ ಕಾರಿನ ಇಂಧನ ವ್ಯವಸ್ಥೆ: ಒಂದು ಪ್ರಕರಣ ಅಧ್ಯಯನ

ನಿಸಾನ್ ಸ್ಕೈಲೈನ್ ಜಿಟಿ-ಆರ್ ಸರಣಿಯ ಆರ್32 ಮಾದರಿಯು 1989ರಿಂದ 1994ರವರೆಗೆ ತಯಾರಾಯಿತು. ಅದರಲ್ಲಿರುವ ಆರ್‌ಬಿ26ಡಿಇಟಿಟಿ ಇಂಜಿನ್ 2,568 ಸಿಸಿಯದು. ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿವೆ, ಒಳಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಎರಡು ಟರ್ಬೊಗಳಿವೆ. ಕಂಪನಿ ಘೋಷಿಸಿದ ಶಕ್ತಿ 280 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಆದರೂ ಇಂಜಿನ್ನಿನ ಎರಕ ಅದಕ್ಕಿಂತ ಬಹಳ ಹೆಚ್ಚಿನದನ್ನು ತಾಳಬಲ್ಲದು ಎಂಬುದು ಈ ಕಾರಿನ ಬಳಕೆದಾರರಿಗೆಲ್ಲ ಗೊತ್ತು. ಆದ್ದರಿಂದ ಇಂದು ಮೂಲ ಸ್ಥಿತಿಯಲ್ಲೇ ಉಳಿದಿರುವ ಆರ್32 ಕಾಣಸಿಗುವುದು ಅಪರೂಪ. ಇಲ್ಲಿ ವಿವರಿಸುತ್ತಿರುವ ಕಾರು ಕೂಡ ಮಾರ್ಪಾಡುಗೊಂಡದ್ದೇ. ಅದರ ಮಾಲೀಕರು ನನ್ನ ಬಳಿ ಬಂದಾಗ ಇನ್ನೊಂದು, ಇನ್ನೂ ದೊಡ್ಡ ಫ್ಯುಯೆಲ್ ಪಂಪ್ ಹಾಕಿಸಬೇಕೆಂದು ಆಗಲೇ ನಿರ್ಧರಿಸಿಬಿಟ್ಟಿದ್ದರು. ಆ ಪಂಪ್ ಬೇಕಾಗಲಿಲ್ಲ. ಏಕೆ ಬೇಕಾಗಲಿಲ್ಲ ಎಂಬುದನ್ನು ಅಳತೆಗಳ ಸಮೇತ ದಾಖಲಿಸುವುದು ಈ ಬರಹದ ಉದ್ದೇಶ.

ಕಾರು ಬಂದ ಸ್ಥಿತಿ

ಮೂಲ ಟರ್ಬೊಗಳನ್ನು ತೆಗೆದು ಸ್ವಲ್ಪ ದೊಡ್ಡವನ್ನು ಕೂರಿಸಲಾಗಿತ್ತು. ಬೂಸ್ಟ್ ಅನ್ನು, ಅಂದರೆ ಟರ್ಬೊಗಳು ವಾತಾವರಣದ ಒತ್ತಡದ ಮೇಲೆ ಸೇರಿಸುವ ಗಾಳಿಯ ಒತ್ತಡವನ್ನು, 1.2 ಬಾರ್‌ಗೆ ಹೊಂದಿಸಲಾಗಿತ್ತು. ಮೂಲ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮತ್ತು ಒಳಬರುವ ಗಾಳಿಯನ್ನು ಅಳೆಯುವ ಎರಡು ಏರ್‌ಫ್ಲೋ ಮೀಟರ್‌ಗಳ ಜಾಗದಲ್ಲಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡವನ್ನು ಓದುವ, ಲಾಗ್ (ಅಳತೆಗಳ ದಾಖಲೆ) ಉಳಿಸಿಕೊಳ್ಳುವ ಹೊಸ ಇಸಿಯು ಇತ್ತು. ನಿಮಿಷಕ್ಕೆ 444 ಸಿಸಿ ಪೆಟ್ರೋಲ್ ಸಿಂಪಡಿಸುವ ಮೂಲ ಇಂಜೆಕ್ಟರ್‌ಗಳ ಬದಲು 700 ಸಿಸಿಯ ಇಂಜೆಕ್ಟರ್‌ಗಳು, ಇಂಧನದ ಒತ್ತಡವನ್ನು ಕಾಯುವ, ಹೊಂದಿಸಬಹುದಾದ ರೆಗ್ಯುಲೇಟರ್, ಟ್ಯಾಂಕ್‌ನೊಳಗೆ ಗಂಟೆಗೆ 255 ಲೀಟರ್ ಎಂದು ಹೆಸರಾದ ಪಂಪ್ ಇದ್ದವು. ಕಾಗದದ ಮೇಲೆ ನೋಡಿದರೆ, ಮಾಲೀಕರು ಗುರಿಯಾಗಿಟ್ಟುಕೊಂಡಿದ್ದ 450 ಅಶ್ವಶಕ್ತಿಗೆ ಇವಿಷ್ಟು ಸಾಕು.

ದೂರುಗಳು ಎರಡು. ನಾಲ್ಕನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ 6,000 ಆರ್‌ಪಿಎಂ ದಾಟುತ್ತಿದ್ದಂತೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತಿತ್ತು, ಅಂದರೆ ಇಂಜಿನ್ ಲೀನ್ ಆಗುತ್ತಿತ್ತು. ಒಮ್ಮೆ ನಾಕಿಂಗ್ ಸದ್ದೂ, ಅಂದರೆ ಮಿಶ್ರಣ ಕ್ರಮವಾಗಿ ಉರಿಯದೆ ತಾನಾಗಿ ಸಿಡಿಯುವ ಸದ್ದೂ, ಕೇಳಿಸಿ ಮಾಲೀಕರು ತಕ್ಷಣ ಕಾಲು ತೆಗೆದಿದ್ದರು. ಎರಡನೆಯದು, ಬಿಸಿಯಾದ ಇಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಒಂದೇ ವೇಗದಲ್ಲಿ ನಿಲ್ಲದೆ ಏರಿಳಿಯುತ್ತಿತ್ತು, ಅದರಲ್ಲೂ ಹೆಡ್‌ಲೈಟ್ ಹಾಕಿದಾಗ ಅಥವಾ ರೇಡಿಯೇಟರ್ ಫ್ಯಾನ್ ಶುರುವಾದಾಗ. ಎರಡೂ ಒಂದೇ ರೋಗದ ಲಕ್ಷಣಗಳೆಂದು ಅವರು ಭಾವಿಸಿದ್ದರು. ಹಾಗಲ್ಲವೆಂದು ಆಮೇಲೆ ತಿಳಿಯಿತು.

ಕಾರನ್ನು ಓಡಿಸುವ ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದೆವು. ಆರನೇ ಸಿಲಿಂಡರ್‌ನ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಸಣ್ಣ ಕಪ್ಪು ಚುಕ್ಕೆಗಳಿದ್ದವು. ನಾಕಿಂಗ್ ನಡೆದಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು. ಕಂಪ್ರೆಷನ್ ಅಳೆದಾಗ ಆರೂ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ 5ಕ್ಕಿಂತ ಕಡಿಮೆ ಇತ್ತು, ಪ್ಲಗ್‌ನ ರಂಧ್ರದಿಂದ ಇಳಿಸಿ ನೋಡುವ ಬೋರೋಸ್ಕೋಪ್‌ನಲ್ಲಿ ಪಿಸ್ಟನ್‌ಗಳ ತಲೆ ಸರಿಯಾಗಿಯೇ ಕಂಡಿತು. ಇಂಜಿನ್ ಉಳಿದಿತ್ತು. ಇಂಥ ಇಂಜಿನ್ನನ್ನು, ಕಾರಣ ಹುಡುಕುವ ನೆಪದಲ್ಲಿ, ಮತ್ತೆ ಅದೇ ಲೀನ್ ಸ್ಥಿತಿಯಲ್ಲಿ ಪೂರ್ತಿ ಹೊರೆಗೆ ಒಡ್ಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಇಂಜಿನ್ ನಿಂತಿರುವಾಗಲೇ ಎಷ್ಟನ್ನು ತಿಳಿಯಬಹುದೋ ಅಷ್ಟನ್ನೂ ಮೊದಲು ತಿಳಿಯಲು ತೀರ್ಮಾನಿಸಿದೆವು.

ಲಾಗ್ ಹೇಳಿದ್ದು

ಮಾಲೀಕರ ಹಳೆಯ ಲಾಗ್‌ಗಳೇ ನಮಗೆ ಸಿಕ್ಕ ಮೊದಲ ಸಾಕ್ಷ್ಯ. ಅವುಗಳಲ್ಲಿ ಇಂಧನ ಒತ್ತಡದ ದಾಖಲೆ ಇರಲಿಲ್ಲ, ಏಕೆಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೈಲ್‌ನಲ್ಲಿ ಸೆನ್ಸರ್ ಇರಲೇ ಇಲ್ಲ. ಆದರೆ ಇಂಜಿನ್ನಿನ ಹೊಗೆಯನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ನ ಗಾಳಿ-ಇಂಧನ ಅನುಪಾತ (ಈ ಸಂಖ್ಯೆ ಹೆಚ್ಚಿದಷ್ಟೂ ಮಿಶ್ರಣ ಲೀನ್), ಬೂಸ್ಟ್, ಇಂಜೆಕ್ಟರ್ ತೆರೆದಿರುವ ಶೇಕಡಾವಾರು ಸಮಯ, ಅಂದರೆ ಡ್ಯೂಟಿ, ಎಲ್ಲವೂ ಇದ್ದವು. ಮೊದಲ ಲಾಗ್‌ನಲ್ಲಿ ಗರಿಷ್ಠ ಹೊರೆಯ ಹೊತ್ತಿಗೆ ಡ್ಯೂಟಿ ಶೇ 65, ಮ್ಯಾಪ್ (ಎಷ್ಟು ಪೆಟ್ರೋಲ್ ಕೊಡಬೇಕೆಂಬ ಇಸಿಯುವಿನ ಕೋಷ್ಟಕ) ಗುರಿಯಿಟ್ಟಿದ್ದ ಅನುಪಾತ 11.5, ನಿಜವಾಗಿ ಬಂದದ್ದು 13.4. ಅದನ್ನು ಕಂಡು ಹಿಂದಿನ ಗ್ಯಾರೇಜಿನವರು ಮ್ಯಾಪ್‌ನ ಆ ಭಾಗದಲ್ಲಿ ಪೆಟ್ರೋಲನ್ನು ಶೇ 10 ಹೆಚ್ಚಿಸಿದ್ದರು. ಎರಡನೇ ಲಾಗ್‌ನಲ್ಲಿ ಡ್ಯೂಟಿ ಶೇ 71.5ಕ್ಕೆ ಏರಿತ್ತು, ಅನುಪಾತ ಮಾತ್ರ 13.1ಕ್ಕೆ ಇಳಿದು ನಿಂತಿತ್ತು.

ಈ ಪ್ರಕರಣದ ಬೀಗದ ಕೈ ಇರುವುದು ಈ ಎರಡು ಸಂಖ್ಯೆಗಳ ನಡುವೆ. ಇಂಜೆಕ್ಟರ್ ಶೇ 10 ಹೆಚ್ಚು ಹೊತ್ತು ತೆರೆದಿದ್ದರೆ ಪೆಟ್ರೋಲೂ ಶೇ 10 ಹೆಚ್ಚಬೇಕು, ಅನುಪಾತ 13.4ರಿಂದ 12.2ಕ್ಕೆ ಬರಬೇಕು. ಬರಲಿಲ್ಲ. ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಟ್ಟರೂ ಒಳಗೆ ಬಂದವರ ಸಂಖ್ಯೆ ಹೆಚ್ಚಲಿಲ್ಲ ಎಂದರೆ ಹೊರಗೆ ಸಾಲಿನಲ್ಲಿ ಜನರೇ ಇಲ್ಲ ಎಂದರ್ಥ. ಕೊರತೆ ಇದ್ದದ್ದು ಇಂಜೆಕ್ಟರ್‌ನಲ್ಲಲ್ಲ, ಮ್ಯಾಪ್‌ನಲ್ಲೂ ಅಲ್ಲ. ರೈಲ್‌ಗೆ ಪೆಟ್ರೋಲ್ ತಲುಪಿಸುವ ದಾರಿಯಲ್ಲಿ. ಆ ದಾರಿ ಒದಗಿಸುವಷ್ಟೇ ಬರುವಾಗ ಇಂಜೆಕ್ಟರ್‌ಗಳನ್ನು ಇನ್ನಷ್ಟು ತೆರೆದರೆ ರೈಲ್‌ನ ಒತ್ತಡ ಇನ್ನಷ್ಟು ಕುಸಿಯುತ್ತದೆ, ಮಿಶ್ರಣ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮ್ಯಾಪ್ ತಿದ್ದಿ ಇಂಥ ದೋಷವನ್ನು ಮುಚ್ಚಲು ಹೋಗುವುದು ಅಪಾಯಕಾರಿ: ಒಂದು ತಂಪಾದ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದಾಗ ಎಲ್ಲವೂ ಸರಿಯಾದಂತೆ ತೋರಿ, ಮರುದಿನ ಕೈಕೊಡುತ್ತದೆ.

ಇಲ್ಲಿ ಒತ್ತಡ ಎನ್ನುವಾಗ ಯಾವ ಒತ್ತಡ ಎಂಬುದನ್ನು ಸ್ಪಷ್ಟಪಡಿಸಬೇಕು. ಇಂಜೆಕ್ಟರ್‌ನ ಹಿಂದೆ ರೈಲ್ ಇದೆ, ಮುಂದೆ ಮ್ಯಾನಿಫೋಲ್ಡ್ ಇದೆ. ಪೆಟ್ರೋಲನ್ನು ದೂಡುವುದು ಈ ಎರಡರ ನಡುವಿನ ಅಂತರ ಮಾತ್ರ. ಈ ಕಾರಿನಲ್ಲಿ ಆ ಅಂತರವನ್ನು 3.0 ಬಾರ್‌ಗೆ ಹೊಂದಿಸಲಾಗಿತ್ತು. ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಹೋಸ್ ಬರುವುದೇ ಈ ಅಂತರವನ್ನು ಕಾಯಲೆಂದು: ಮ್ಯಾನಿಫೋಲ್ಡ್‌ನಲ್ಲಿ 1.2 ಬಾರ್ ಬೂಸ್ಟ್ ಇದ್ದಾಗ ರೈಲ್‌ನಲ್ಲಿ 4.2 ಬಾರ್ ಇರಬೇಕು. ರೈಲ್ ಗೇಜ್ 3.4 ತೋರಿಸುತ್ತಿದ್ದರೆ, ಮೂರಕ್ಕಿಂತ ಹೆಚ್ಚಿದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ; ಆದರೆ ಇಂಜೆಕ್ಟರ್ ಕಾಣುತ್ತಿರುವುದು 2.2 ಮಾತ್ರ.

ಇಂಜೆಕ್ಟರ್‌ನ ಹರಿವು ಈ ಅಂತರದ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುತ್ತದೆ. ಹಾಗಾಗಿ ಅನುಪಾತದಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. 11.5ನ್ನು 13.4ರಿಂದ ಭಾಗಿಸಿದರೆ 0.858, ಅದರ ವರ್ಗ 0.736, ಅದನ್ನು 3.0ಯಿಂದ ಗುಣಿಸಿದರೆ 2.2 ಬಾರ್. ಅಂದರೆ ಇಂಜಿನ್ ಲೀನ್ ಆದ ಆ ಕ್ಷಣದಲ್ಲಿ ರೈಲ್‌ನಲ್ಲಿ 4.2ರ ಬದಲು 3.4 ಬಾರ್ ಮಾತ್ರ ಇದ್ದಿರಬೇಕು. ಅಷ್ಟು ಹೊತ್ತಿಗೆ ಇಂಜೆಕ್ಟರ್‌ಗಳು ಕೊಡುತ್ತಿದ್ದದ್ದು ಗಂಟೆಗೆ ಸುಮಾರು 140 ಲೀಟರ್. ಬೇಕಾಗಿದ್ದದ್ದು ಶೇ 65 ಡ್ಯೂಟಿಯಲ್ಲಿ ಆರು 700 ಸಿಸಿ ಇಂಜೆಕ್ಟರ್‌ಗಳ ಹರಿವು, ಅಂದರೆ ಗಂಟೆಗೆ 164 ಲೀಟರ್.

ಈ 164 ಲೀಟರನ್ನು ಇನ್ನೊಂದು ದಾರಿಯಿಂದಲೂ ಪರೀಕ್ಷಿಸಿದೆ. ಟರ್ಬೊ ಇರುವ ಪೆಟ್ರೋಲ್ ಇಂಜಿನ್ ಪೂರ್ಣ ಹೊರೆಯಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 272 ಗ್ರಾಂ ಪೆಟ್ರೋಲ್ ಬಳಸುತ್ತದೆ ಎಂದು ಇಟ್ಟುಕೊಳ್ಳುವುದು ವಾಡಿಕೆ. 450 ಅಶ್ವಶಕ್ತಿಗೆ ಅದು 122.4 ಕಿಲೋ, ಪೆಟ್ರೋಲ್‌ನ ಸಾಂದ್ರತೆ ಲೀಟರ್‌ಗೆ 0.745 ಕಿಲೋ ಎಂದು ಹಿಡಿದರೆ 164 ಲೀಟರ್. ಎರಡು ಬೇರೆ ಬೇರೆ ಲೆಕ್ಕಗಳು ಒಂದೇ ಕಡೆ ಬಂದು ಸೇರಿದಾಗ ಮುಂದಿನ ಹೆಜ್ಜೆಯನ್ನು ಧೈರ್ಯದಿಂದ ಇಡಬಹುದು. ಮೂಲ 444 ಸಿಸಿ ಇಂಜೆಕ್ಟರ್‌ಗಳು ಶೇ 85 ಡ್ಯೂಟಿಯಲ್ಲಿ ಇದೇ ಲೆಕ್ಕದಂತೆ 370 ಅಶ್ವಶಕ್ತಿಯ ಹತ್ತಿರ ಮುಗಿಯುತ್ತವೆ. ಆದ್ದರಿಂದ ಇಂಜೆಕ್ಟರ್ ಬದಲಿಸಿದ್ದು ಅನಗತ್ಯ ಖರ್ಚಾಗಿರಲಿಲ್ಲ.

ಇಂಜಿನ್ ನಿಲ್ಲಿಸಿಕೊಂಡು ಮಾಡಿದ ಪರೀಕ್ಷೆ

ಮಿಕ್ಕ ಪೆಟ್ರೋಲನ್ನು ಟ್ಯಾಂಕ್‌ಗೆ ಮರಳಿಸುವ ರಿಟರ್ನ್ ಲೈನ್ ಇರುವ ವ್ಯವಸ್ಥೆಯ ಒಂದು ಅನುಕೂಲವೆಂದರೆ, ಇಂಜಿನ್ ಓಡದಿದ್ದಾಗ ಪಂಪ್ ತಳ್ಳುವ ಪೆಟ್ರೋಲೆಲ್ಲ ರೆಗ್ಯುಲೇಟರ್ ದಾಟಿ ಹಿಂದಿರುಗುತ್ತದೆ. ಅದನ್ನು ಹಿಡಿದು ಅಳೆದರೆ ಆ ಒತ್ತಡದಲ್ಲಿ ರೈಲ್‌ಗೆ ಎಷ್ಟು ಪೆಟ್ರೋಲ್ ತಲುಪುತ್ತಿದೆ ಎಂಬುದು ನೇರವಾಗಿ ತಿಳಿಯುತ್ತದೆ. ರೆಗ್ಯುಲೇಟರ್‌ನ ನಂತರದ ಹೋಸ್ ಬಿಚ್ಚಿ ಲೋಹದ ಡಬ್ಬಿಗೆ ಬಿಟ್ಟೆವು. ರೈಲ್‌ಗೆ ಹೊಸದಾಗಿ ಎಲೆಕ್ಟ್ರಾನಿಕ್ ಒತ್ತಡ ಸೆನ್ಸರ್ ಕೂರಿಸಿದೆವು. ರೆಗ್ಯುಲೇಟರ್‌ನ ಮ್ಯಾನಿಫೋಲ್ಡ್ ಹೋಸ್‌ಗೆ ಕೈ ಪಂಪ್ ಜೋಡಿಸಿ, ಬೇಕಾದಷ್ಟು ಗಾಳಿಯ ಒತ್ತಡ ಕೊಟ್ಟು, ಬೂಸ್ಟ್ ಇದೆ ಎಂದು ರೆಗ್ಯುಲೇಟರ್ ನಂಬುವಂತೆ ಮಾಡಿದೆವು. ಓಡುವಾಗ ಆಲ್ಟರ್ನೇಟರ್ ಕೊಡುವ ವೋಲ್ಟೇಜನ್ನು ಹೋಲುವಂತೆ ಬ್ಯಾಟರಿಯನ್ನು ಚಾರ್ಜರ್‌ನಿಂದ 13.8 ವೋಲ್ಟ್‌ನಲ್ಲಿ ಹಿಡಿದಿಟ್ಟೆವು.

ಈ ಪರೀಕ್ಷೆಯನ್ನು ಮಾಡಬಯಸುವವರು ಒಂದು ಮಾತನ್ನು ಲಘುವಾಗಿ ಪರಿಗಣಿಸಬಾರದು. ತೆರೆದ ಡಬ್ಬಿಗೆ ನಿಮಿಷಕ್ಕೆ ಎರಡು ಲೀಟರ್‌ಗಿಂತ ಹೆಚ್ಚು ಪೆಟ್ರೋಲ್ ಬೀಳುತ್ತಿರುತ್ತದೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡುತ್ತದೆ. ಕೆಲಸ ಬಯಲಿನಲ್ಲಿ ನಡೆಯಬೇಕು, ಡಬ್ಬಿಯನ್ನು ತಂತಿಯಿಂದ ಕಾರಿನ ಬಾಡಿಗೆ ಜೋಡಿಸಿರಬೇಕು, ಪಂಪ್‌ನ ಸ್ವಿಚ್ ಮತ್ತು ಚಾರ್ಜರ್ ಎರಡೂ ದೂರದಲ್ಲಿರಬೇಕು, ಅಗ್ನಿಶಾಮಕ ಹಿಡಿದವರೊಬ್ಬರು ಪಕ್ಕದಲ್ಲೇ ನಿಂತಿರಬೇಕು. ಹಾಗೆಯೇ, ಪೆಟ್ರೋಲ್ ತುಂಬಿದ ಗೇಜ್ ಪೈಪನ್ನು ಕಾರಿನ ಒಳಗೆ, ಚಾಲಕನ ಮುಂದೆ ತಂದಿಡುವ ಹಳೆಯ ರೂಢಿಯನ್ನು ಬಿಟ್ಟುಬಿಡಬೇಕು. ಎಲೆಕ್ಟ್ರಾನಿಕ್ ಸೆನ್ಸರ್ ಇರುವಾಗ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕೈ ಪಂಪ್‌ನಿಂದ 1.2 ಬಾರ್ ಕೊಟ್ಟು ರೈಲ್ 4.2 ಬಾರ್‌ಗೆ ಬಂದಾಗ 30 ಸೆಕೆಂಡಿನಲ್ಲಿ ಡಬ್ಬಿಗೆ ಬಿದ್ದದ್ದು 1.05 ಲೀಟರ್, ಅಂದರೆ ಗಂಟೆಗೆ 126 ಲೀಟರ್. ಬಳಿಕ ಕೈ ಪಂಪ್‌ನ ಒತ್ತಡವನ್ನು 0.4ಕ್ಕೆ ಇಳಿಸಿ ರೈಲ್ 3.4 ಬಾರ್‌ಗೆ ಬರುವಂತೆ ಮಾಡಿದೆವು. ಈಗ ಸಿಕ್ಕದ್ದು 1.17 ಲೀಟರ್, ಗಂಟೆಗೆ 140. ಲಾಗ್‌ನಿಂದ ಲೆಕ್ಕ ಹಾಕಿ ಊಹಿಸಿದ್ದ ಒತ್ತಡ ಮತ್ತು ಹರಿವು ಎರಡೂ ಡಬ್ಬಿಯಲ್ಲಿ ಕಣ್ಣೆದುರು ಕಂಡವು. ಇಂಜಿನ್ನನ್ನು ಒಮ್ಮೆಯೂ ಅಪಾಯಕ್ಕೊಡ್ಡದೆ ದೋಷ ಟ್ಯಾಂಕ್ ಮತ್ತು ರೈಲ್ ನಡುವೆಯೇ ಇದೆ ಎಂಬುದು ಇಲ್ಲಿಗೆ ಖಚಿತವಾಯಿತು.

ಮಾಲೀಕರು ಅಲ್ಲೇ ನಿಂತಿದ್ದರು. 255 ಲೀಟರ್‌ನ ಪಂಪ್ 126 ಕೊಡುತ್ತಿದೆ ಎಂದರೆ ಪಂಪ್ ಕೆಟ್ಟಿದೆ ಅಥವಾ ನಕಲಿ ಎಂದು ಅವರಿಗೆ ಅನಿಸಿದ್ದು ಸಹಜವೇ. ಆದರೆ ಪಂಪ್‌ನ ಹೆಸರಿನ ಜೊತೆ ಬರುವ ಸಂಖ್ಯೆ ಒಂದು ನಿರ್ದಿಷ್ಟ ವೋಲ್ಟೇಜ್ ಮತ್ತು ಒಂದು ನಿರ್ದಿಷ್ಟ ಒತ್ತಡಕ್ಕೆ ಮಾತ್ರ ಅನ್ವಯಿಸುವಂಥದ್ದು. ಒತ್ತಡ ಹೆಚ್ಚಿದಂತೆ ಅದು ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಇನ್ನೂ ಬೇಗ ಇಳಿಯುತ್ತದೆ.

ಮೊದಲ ಕಾರಣ: ವೈರಿಂಗ್

ಪಂಪ್ ಓಡುತ್ತಿರುವಾಗ ಟ್ಯಾಂಕ್ ಮುಚ್ಚಳದ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದಾಗ ಸಿಕ್ಕದ್ದು 11.1 ವೋಲ್ಟ್. ಬ್ಯಾಟರಿಯಲ್ಲಿ 13.8 ಇದೆ, ನಡುವೆ 2.7 ವೋಲ್ಟ್ ಕಾಣೆಯಾಗಿದೆ. ಅದರಲ್ಲಿ 1.9 ಧನ ಬದಿಯ ವೈರ್ ಮತ್ತು ಕನೆಕ್ಟರ್‌ಗಳಲ್ಲಿ, 0.8 ಅರ್ಥ್ ಬದಿಯಲ್ಲಿ. ಪಂಪ್ ಎಳೆಯುತ್ತಿದ್ದ ಕರೆಂಟ್ 12 ಆಂಪಿಯರ್. ಅಂದರೆ 32 ವಾಟ್‌ನಷ್ಟು ಶಕ್ತಿ ಪೆಟ್ರೋಲ್ ತಳ್ಳುವ ಬದಲು ಮೂವತ್ತು ವರ್ಷ ಹಳೆಯ ವೈರ್‌ಗಳನ್ನು ಬಿಸಿ ಮಾಡುತ್ತಿತ್ತು. ಒಂದು ಕನೆಕ್ಟರ್‌ನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಇದನ್ನು ಕಾರಿನ ವಿನ್ಯಾಸದ ದೋಷ ಎನ್ನಲಾಗದು. ಆರ್32ರಲ್ಲಿ ಹೊರೆ ಕಡಿಮೆ ಇದ್ದಾಗ ಪಂಪ್‌ಗೆ ಹೋಗುವ ವೋಲ್ಟೇಜನ್ನು ಬೇಕೆಂದೇ ತಗ್ಗಿಸುವ ಒಂದು ಕಂಟ್ರೋಲ್ ಮಾಡ್ಯೂಲ್ ಇದೆ. ಸದ್ದು ಕಡಿಮೆಯಾಗಲಿ, ಪೆಟ್ರೋಲ್ ಸುಮ್ಮನೆ ಸುತ್ತುತ್ತ ಬಿಸಿಯಾಗದಿರಲಿ ಎಂಬುದು ಅದರ ಉದ್ದೇಶ. ಮೂಲ ಪಂಪ್‌ಗೆ ಆ ಏರ್ಪಾಡು, ಆ ದಪ್ಪದ ವೈರ್ ಸಾಕಾಗಿದ್ದವು. ಪಂಪ್ ಮಾತ್ರ ಬದಲಾಗಿ ಅದಕ್ಕೆ ಅನ್ನ ಹಾಕುವ ವೈರ್ ಹಳೆಯದೇ ಉಳಿದದ್ದು ಇಲ್ಲಿನ ತಪ್ಪು.

ಬ್ಯಾಟರಿಯಿಂದ ನೇರವಾಗಿ 4 ಚದರ ಮಿಲಿಮೀಟರ್ ದಪ್ಪದ ಹೊಸ ವೈರ್ ಎಳೆದೆವು. ಅದರ ಆರಂಭದಲ್ಲೇ, ಬ್ಯಾಟರಿಯ ಪಕ್ಕದಲ್ಲಿ, 20 ಆಂಪಿಯರ್ ಫ್ಯೂಸ್, ಟ್ಯಾಂಕ್‌ನ ಹತ್ತಿರ ಹೊಸ ರಿಲೇ, ಅಲ್ಲಿಂದ ಪಂಪ್‌ಗೆ, ಪಂಪ್‌ನಿಂದ ಬಣ್ಣ ಕೆರೆದ ಬಾಡಿ ಲೋಹಕ್ಕೆ ಚಿಕ್ಕ ಅರ್ಥ್ ವೈರ್. ರಿಲೇಯನ್ನು ಎಳೆಯುವ ಸಂಕೇತವನ್ನು ಮಾತ್ರ ಇಸಿಯು ನಿಯಂತ್ರಿಸುವ ಹಳೆಯ ಪಂಪ್ ವೈರ್‌ನಿಂದಲೇ ತೆಗೆದುಕೊಂಡೆವು. ಇದನ್ನು ಒತ್ತಿ ಹೇಳಬೇಕಾಗಿದೆ: ಕೆಲಸ ಸುಲಭವಾಗಲೆಂದು ಕೆಲವರು ರಿಲೇಯನ್ನು ಇಗ್ನಿಷನ್ ಸ್ವಿಚ್‌ಗೆ ಜೋಡಿಸಿಬಿಡುತ್ತಾರೆ. ಹಾಗೆ ಮಾಡಿದರೆ ಅಪಘಾತವಾಗಿ ಇಂಜಿನ್ ನಿಂತು, ಪೈಪ್ ಹರಿದಿದ್ದರೂ ಕೀ ತಿರುಗಿಸುವವರೆಗೆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಇಂಜಿನ್ ತಿರುಗುವುದು ನಿಂತ ತಕ್ಷಣ ಪಂಪನ್ನು ನಿಲ್ಲಿಸುವುದು ಇಸಿಯುವಿನ ಕೆಲಸ. ಆ ಕೆಲಸವನ್ನು ಅದರಿಂದ ಕಿತ್ತುಕೊಳ್ಳಬಾರದು.

ಈಗ ಪಂಪ್‌ನಲ್ಲಿ 13.4 ವೋಲ್ಟ್ ಸಿಕ್ಕಿತು. 4.2 ಬಾರ್‌ನಲ್ಲಿ ಹರಿವು 126ರಿಂದ 158 ಲೀಟರ್‌ಗೆ ಏರಿತು. ಹಿಂದೆ ವೋಲ್ಟೇಜ್ ಶೇ 17 ಕಡಿಮೆ ಇದ್ದದ್ದಕ್ಕೆ ಹರಿವು ಶೇ 20 ಕಡಿಮೆಯಾಗಿತ್ತು ಎಂದಾಯಿತು.

ಎರಡನೇ ಕಾರಣ: ಟ್ಯಾಂಕ್‌ನೊಳಗೆ ಕಾಣದ ಸೋರಿಕೆ

158 ಲೀಟರ್ ಬೇಕಾದ 164ಕ್ಕೆ ಹತ್ತಿರವೇ ಇದೆ. ಇಲ್ಲಿಗೆ ನಿಲ್ಲಿಸಿ, ಪಂಪ್ ಸ್ವಲ್ಪ ಚಿಕ್ಕದಾಯಿತು ಎಂದು ದೊಡ್ಡ ಪಂಪ್ ತರಿಸುವುದು ಬಹಳ ಸುಲಭವಾಗಿತ್ತು. ಮಾಲೀಕರ ಮೂಲ ಆಸೆಯೂ ಅದೇ. ರೆಗ್ಯುಲೇಟರನ್ನು ತಿರುಗಿಸಿ ಮೂಲ ಒತ್ತಡವನ್ನು 3.5 ಬಾರ್‌ಗೆ ಏರಿಸಿದರೆ ಇಂಜೆಕ್ಟರ್‌ನ ಹರಿವು ಶೇ 8 ಹೆಚ್ಚುತ್ತದಲ್ಲ ಎಂಬ ಸಲಹೆಯನ್ನೂ ಅವರು ಕೇಳಿಕೊಂಡು ಬಂದಿದ್ದರು. ಇಂಜೆಕ್ಟರ್ ಚಿಕ್ಕದಾಗಿದ್ದು ಪಂಪ್‌ನಲ್ಲಿ ಮಿಗತೆ ಇದ್ದಾಗ ಆ ಸಲಹೆ ಸರಿ. ಇಲ್ಲಿ ಸ್ಥಿತಿ ತಿರುಗುಮುರುಗು: ಒತ್ತಡ ಏರಿಸಿದರೆ ಪಂಪ್ 4.7 ಬಾರ್‌ಗೆ ಎದುರಾಗಿ ತಳ್ಳಬೇಕು, ಅದರ ಹರಿವು ಇನ್ನೂ ಕುಗ್ಗುತ್ತದೆ.

ನನಗೆ ಆ 158 ಸಮಾಧಾನ ಕೊಡಲಿಲ್ಲ. ಪಂಪ್‌ನ ಜೊತೆ ಬಂದ ಹರಿವಿನ ನಕ್ಷೆಯಲ್ಲಿ ಅದೇ ವೋಲ್ಟೇಜ್, ಅದೇ ಒತ್ತಡಕ್ಕೆ ಇರುವ ಸಂಖ್ಯೆ ಇದಕ್ಕಿಂತ ಸಾಕಷ್ಟು ಹೆಚ್ಚಾಗಿತ್ತು. ದಾರಿಯಲ್ಲಿ ಅಡ್ಡಿ ಇದೆಯೇ ಎಂದು ಮೊದಲು ಫಿಲ್ಟರ್‌ನ ಹಿಂದೆ ಮುಂದೆ ಒತ್ತಡ ಅಳೆದೆವು, ವ್ಯತ್ಯಾಸ 0.3 ಬಾರ್ ಇತ್ತು. ಹೊಸ ಫಿಲ್ಟರ್ ಹಾಕಿದ ಮೇಲೆ ಅದು 0.1ಕ್ಕೆ ಇಳಿದರೂ ಹರಿವಿನಲ್ಲಿ ಗಮನಕ್ಕೆ ಬರುವಂಥ ಬದಲಾವಣೆ ಆಗಲಿಲ್ಲ. ಹೊರಗೆ ಎಲ್ಲಿಯೂ ತೇವವಿಲ್ಲ, ವಾಸನೆಯಿಲ್ಲ. ಉಳಿದದ್ದು ಟ್ಯಾಂಕ್‌ನ ಒಳಗು.

ಪಂಪನ್ನು ಹೊರತೆಗೆದಾಗ ಕಾರಣ ಕೈಗೆ ಸಿಕ್ಕಿತು. ಪಂಪ್‌ನಿಂದ ಟ್ಯಾಂಕ್ ಮುಚ್ಚಳದ ಪೈಪ್‌ಗೆ ಹೋಗುವ ಗೇಣುದ್ದದ ಹೋಸ್ ಊದಿಕೊಂಡು, ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು; ಕ್ಲಿಪ್‌ನ ಅಂಚಿನ ಕೆಳಗೆ ಅಕ್ಕಿ ಕಾಳಿನಷ್ಟು ಉದ್ದದ ಸೀಳು ಇತ್ತು. ಒತ್ತಡ ಏರಿದಾಗಲೆಲ್ಲ ಆ ಸೀಳು ತೆರೆದುಕೊಂಡು, ಪಂಪ್ ತಳ್ಳಿದ ಪೆಟ್ರೋಲ್‌ನ ಒಂದು ಭಾಗ ರೈಲ್‌ಗೆ ಹೋಗದೆ ಟ್ಯಾಂಕ್‌ಗೇ ಮರಳುತ್ತಿತ್ತು. ಸೋರಿದ್ದು ಟ್ಯಾಂಕ್‌ನೊಳಗೇ ಆದ್ದರಿಂದ ಹೊರಗಿನವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ.

ಆ ಹೋಸ್‌ನ ಮೇಲೆ ಎಸ್‌ಎಇ 30ಆರ್9 ಎಂಬ ಮಾನದಂಡದ ಮುದ್ರೆ ಇತ್ತು. ಅದು ಕಳಪೆ ಹೋಸ್ ಅಲ್ಲ. ಇಂಜೆಕ್ಷನ್ ಕಾರುಗಳ ಒತ್ತಡಕ್ಕೆಂದೇ ಮಾಡಿದ, ಬಾನೆಟ್ ಕೆಳಗೆ ನಿಶ್ಚಿಂತೆಯಿಂದ ಬಳಸಬಹುದಾದ ಒಳ್ಳೆಯ ಹೋಸ್. ಆದರೆ ಅದರಲ್ಲಿ ಪೆಟ್ರೋಲನ್ನು ತಾಳುವುದು ಒಳಗಿನ ಪದರ ಮಾತ್ರ. ಹೊರಗಿನ ಪದರ ಗಾಳಿಗೆ, ಬಿಸಿಗೆ ಮಾಡಿದ್ದೇ ಹೊರತು ಸದಾ ಪೆಟ್ರೋಲ್‌ನಲ್ಲಿ ಮುಳುಗಿರಲು ಮಾಡಿದ್ದಲ್ಲ. ಮುಳುಗಿರುವ ಜಾಗಕ್ಕೆ ಬೇಕಾದದ್ದು 30ಆರ್10, ಅದರ ಒಳಗೂ ಹೊರಗೂ ಪೆಟ್ರೋಲ್ ಇರಬಹುದು. ಒಂದಂಕಿಯ ವ್ಯತ್ಯಾಸದ ಈ ಗೇಣುದ್ದದ ಹೋಸ್ ಆರು ಪಿಸ್ಟನ್‌ಗಳನ್ನು ಅಪಾಯಕ್ಕೆ ದೂಡಿತ್ತು ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಟ್ಯಾಂಕ್‌ನೊಳಗೆ ಕೈ ಹಾಕಿದ ಪ್ರತಿಯೊಬ್ಬರೂ ಹೋಸ್‌ನ ಮೇಲಿನ ಮುದ್ರೆಯನ್ನು ಓದಬೇಕು, ಓದಲಾಗದಿದ್ದರೆ ಹೋಸನ್ನು ಬದಲಿಸಬೇಕು.

30ಆರ್10 ಹೋಸ್ ಹಾಕಿ, ಅಂಚು ಮಡಿಸಿದ ಇಂಜೆಕ್ಷನ್ ಕ್ಲಿಪ್‌ಗಳಿಂದ ಬಿಗಿದು, ಪಂಪ್‌ನ ಸ್ಟ್ರೈನರನ್ನೂ ಮುಚ್ಚಳದ ಸೀಲನ್ನೂ ಹೊಸದಾಗಿಸಿ ಮತ್ತೆ ಅಳೆದೆವು. 4.2 ಬಾರ್‌ನಲ್ಲಿ 30 ಸೆಕೆಂಡಿಗೆ 1.62 ಲೀಟರ್, ಗಂಟೆಗೆ 194. ಅದೇ ಪಂಪ್. ಬೇಕಾದದ್ದಕ್ಕಿಂತ ಶೇ 18 ಹೆಚ್ಚು. ಪೆಟ್ರೋಲ್ ಬಿಸಿಯಾದಾಗ, ಪಂಪ್‌ಗೆ ವಯಸ್ಸಾದಾಗ, ಫಿಲ್ಟರ್ ಕೊಳೆಯಾದಾಗ ಕೈಹಿಡಿಯಲು ಇಷ್ಟು ಮಿಗತೆಯನ್ನು ನಾನು ಕನಿಷ್ಠವೆಂದು ಪರಿಗಣಿಸುತ್ತೇನೆ. ಇದಕ್ಕಿಂತ ಕಡಿಮೆ ಇದ್ದಿದ್ದರೆ ದೊಡ್ಡ ಪಂಪ್‌ಗೆ ನಾನೇ ಹೇಳುತ್ತಿದ್ದೆ. ಆದರೆ ಬೇಕಾಬಿಟ್ಟಿ ದೊಡ್ಡದನ್ನು ಹಾಕಿದರೂ ತೊಂದರೆ ಇದೆ. ಐಡಲ್‌ನಲ್ಲಿ ಇಂಜಿನ್ ಬಳಸುವುದು ಅತ್ಯಲ್ಪ, ಉಳಿದದ್ದೆಲ್ಲ ಮೂಲ ಕಾಲದ ಸಣ್ಣ ರಿಟರ್ನ್ ಪೈಪ್‌ನಲ್ಲಿ ಹಿಂದಿರುಗಬೇಕು. ಆ ಪೈಪ್ ಸಾಲದೆ ಹೋದರೆ ರೆಗ್ಯುಲೇಟರ್ ಪೂರ್ತಿ ತೆರೆದಿದ್ದರೂ ರೈಲ್‌ನ ಒತ್ತಡ ತಾನಾಗಿ ಮೇಲೇರಿ ಐಡಲ್ ಕೆಡುತ್ತದೆ.

ಐಡಲ್‌ನ ತೊಂದರೆ

ಎರಡನೇ ದೂರಿಗೆ ಪಂಪ್‌ನ ಸಂಬಂಧವೇ ಇರಲಿಲ್ಲ. ಆರ್‌ಬಿ26ರ ಮೂಲ ಇಂಜೆಕ್ಟರ್‌ಗಳ ಸುರುಳಿಯ ರೋಧ ಕಡಿಮೆ. ಇಸಿಯು ಸುಡದಿರಲೆಂದು ಅವುಗಳ ಸರಣಿಯಲ್ಲಿ ಒಂದು ರೆಸಿಸ್ಟರ್ ಪ್ಯಾಕ್ ಇರುತ್ತದೆ. ಹೊಸ 700 ಸಿಸಿ ಇಂಜೆಕ್ಟರ್‌ಗಳ ರೋಧ 12 ಓಮ್‌ನ ಆಸುಪಾಸು, ಅವಕ್ಕೆ ಆ ಪ್ಯಾಕ್ ಬೇಡ. ಅದನ್ನು ಯಾರೂ ತೆಗೆದಿರಲಿಲ್ಲ. ಇದರಿಂದ ಇಂಜೆಕ್ಟರ್‌ಗೆ ಸಿಗುವ ಕರೆಂಟ್ ಕುಗ್ಗಿ, ಸಂಕೇತ ಬಂದ ಮೇಲೆ ಸೂಜಿ ಎದ್ದು ನಿಲ್ಲಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಪೂರ್ತಿ ಹೊರೆಯಲ್ಲಿ, ಇಂಜೆಕ್ಟರ್ ಹನ್ನೊಂದು ಮಿಲಿಸೆಕೆಂಡ್‌ನಷ್ಟು ತೆರೆದಿರುವಾಗ, ಈ ವಿಳಂಬ ಗಣನೆಗೆ ಬಾರದು. ಐಡಲ್‌ನಲ್ಲಿ ತೆರೆದಿರುವ ಸಮಯವೇ ಎರಡು ಮಿಲಿಸೆಕೆಂಡಿನ ಹತ್ತಿರ. ಅಲ್ಲಿ ಅದು ಇಡೀ ಮಿಶ್ರಣವನ್ನೇ ಅಲುಗಾಡಿಸುತ್ತದೆ. ಫ್ಯಾನ್ ಶುರುವಾಗಿ ವೋಲ್ಟೇಜ್ ಕೊಂಚ ಇಳಿದರೆ ವಿಳಂಬ ಇನ್ನೂ ಹೆಚ್ಚುತ್ತದೆ, ಇಂಜಿನ್ ಲೀನ್ ಆಗಿ ಕುಸಿಯುತ್ತದೆ, ಇಸಿಯು ಸರಿಪಡಿಸಲು ಹೋಗಿ ಅತಿಯಾಗುತ್ತದೆ. ಪ್ಯಾಕನ್ನು ಬೈಪಾಸ್ ಮಾಡಿ, ಇಂಜೆಕ್ಟರ್ ತಯಾರಕರು ಬೇರೆ ಬೇರೆ ವೋಲ್ಟೇಜ್‌ಗಳಿಗೆ ಕೊಟ್ಟಿದ್ದ ವಿಳಂಬದ ಅಂಕಿಗಳನ್ನು ಇಸಿಯುವಿಗೆ ತುಂಬಿದ ಮೇಲೆ ಐಡಲ್ ನೆಟ್ಟಗೆ ನಿಂತಿತು.

ಹೊರೆಯ ಮೇಲೆ ದೃಢೀಕರಣ

ಹಿಂದಿನವರು ಸೇರಿಸಿದ್ದ ಶೇ 10 ಪೆಟ್ರೋಲನ್ನು ಮ್ಯಾಪ್‌ನಿಂದ ತೆಗೆದು, ಮೂಲ ಒತ್ತಡವನ್ನು ಮ್ಯಾನಿಫೋಲ್ಡ್ ಹೋಸ್ ಕಳಚಿ 3.0 ಬಾರ್‌ಗೆ ಮತ್ತೊಮ್ಮೆ ಹೊಂದಿಸಿ, ಕಾರನ್ನು ಡೈನೊ (ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಏರಿಸಿದೆವು. ಸ್ಪಾರ್ಕ್‌ನ ಮುಂಗಡವನ್ನು, ಅಂದರೆ ಕಿಡಿ ಎಷ್ಟು ಮೊದಲೇ ಹಾರಬೇಕೆಂಬುದನ್ನು, ಕೆಲವು ಡಿಗ್ರಿ ಹಿಂದಕ್ಕೆ ಎಳೆದುಕೊಂಡು ಮೊದಲು 0.8 ಬಾರ್, ಆಮೇಲೆ 1.0, ಕೊನೆಗೆ 1.2. ಪ್ರತಿ ಬಾರಿಯೂ ನೋಡಿದ್ದು ಶಕ್ತಿಯ ಗೆರೆಯನ್ನಲ್ಲ, ರೈಲ್ ಮತ್ತು ಮ್ಯಾನಿಫೋಲ್ಡ್ ನಡುವಿನ ಅಂತರದ ಗೆರೆಯನ್ನು. ಮೂರೂ ಹಂತಗಳಲ್ಲಿ ಅದು 2.95 ಮತ್ತು 3.05ರ ನಡುವೆ ನೇರವಾಗಿ ಉಳಿಯಿತು. 1.2 ಬಾರ್‌ನಲ್ಲಿ ಡ್ಯೂಟಿ ಶೇ 65, ಅನುಪಾತ 11.5, ಲಾಗ್‌ನಲ್ಲಿ ಕಾಣಬೇಕಾಗಿದ್ದ ಸಂಖ್ಯೆಗಳೇ ಅವು. ಅದಾದ ಮೇಲಷ್ಟೇ ಮುಂಗಡವನ್ನು ಹಂತಹಂತವಾಗಿ ಸರಿಯಾದ ಜಾಗಕ್ಕೆ ತಂದೆವು.

ಕಾರು ಹೊರಡುವ ಮೊದಲು ಇಸಿಯುವಿನಲ್ಲಿ ಒಂದು ಕಾವಲು ಹಾಕಿದೆವು: ಬೂಸ್ಟ್ 0.5 ಬಾರ್ ದಾಟಿರುವಾಗ ಒತ್ತಡದ ಅಂತರ 2.6ಕ್ಕಿಂತ ಕೆಳಗಿಳಿದರೆ ಬೂಸ್ಟನ್ನು ಕಡಿದುಹಾಕಿ ಎಚ್ಚರಿಕೆಯ ದೀಪ ಹೊತ್ತಿಸಬೇಕು. ಮೊದಲೇ ಈ ಸೆನ್ಸರ್ ಮತ್ತು ಈ ಕಾವಲು ಇದ್ದಿದ್ದರೆ ಆರನೇ ಪ್ಲಗ್‌ನ ಮೇಲೆ ಆ ಚುಕ್ಕೆಗಳು ಬೀಳುತ್ತಿರಲಿಲ್ಲ. ಹೆಚ್ಚು ಶಕ್ತಿಯ ಇಂಜೆಕ್ಟರ್‌ಗಳಿಗಿಂತ ಮೊದಲು ಹಳೆಯ ಟರ್ಬೊ ಕಾರಿಗೆ ಹಾಕಬೇಕಾದ ಭಾಗ ಒತ್ತಡದ ಸೆನ್ಸರ್ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಕಂಟ್ರೋಲ್ ಮಾಡ್ಯೂಲ್ ಈಗ ದಾರಿಯಲ್ಲಿ ಇಲ್ಲದಿರುವುದರಿಂದ ಪಂಪ್ ಸದಾ ಪೂರ್ತಿ ವೇಗದಲ್ಲಿ ಓಡುತ್ತದೆ, ನಿಧಾನ ಸಂಚಾರದಲ್ಲಿ ಪೆಟ್ರೋಲ್ ಬಿಸಿಯಾಗುತ್ತದೆ. ಆದ್ದರಿಂದ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿಯಲು ಬಿಡಬಾರದೆಂದು ಮಾಲೀಕರಿಗೆ ತಿಳಿಸಿದೆ.

ಅವರು ಹೊರಡುವಾಗ ಕೇಳಿದ ಪ್ರಶ್ನೆ ಶೇ 85 ಎಥನಾಲ್ ಇರುವ ಇ85 ಇಂಧನದ ಬಗ್ಗೆ. ನಾಕಿಂಗ್ ತಡೆಯುವುದರಲ್ಲಿ ಅದು ಪೆಟ್ರೋಲ್‌ಗಿಂತ ಬಹಳ ಮುಂದಿದೆ, ಹಾಗಾಗಿ ಆಸೆ ಸಹಜ. ಆದರೆ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಇ85ಕ್ಕೆ ಸಾಕಾಗುವುದು 9.8ರ ಹತ್ತಿರ, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಗಾತ್ರದ ಲೆಕ್ಕದಲ್ಲಿ ಅದು ಶೇ 35ರಷ್ಟು ಹೆಚ್ಚು ಎಂದು ಹಿಡಿದರೂ 164 ಲೀಟರ್ 221 ಆಗುತ್ತದೆ. ಪಂಪ್ ಕೊಡುವುದು 194. ಇಂಜೆಕ್ಟರ್‌ಗಳೂ ಶೇ 88 ಡ್ಯೂಟಿಗೆ ಏರಿ ಉಸಿರುಗಟ್ಟುತ್ತವೆ. ಜೊತೆಗೆ ಮೂವತ್ತು ವರ್ಷ ಹಳೆಯ ರಬ್ಬರ್ ಹೋಸ್‌ಗಳಲ್ಲಿ ಎಥನಾಲ್‌ಗೆ ಯಾವುದು ತಾಳೀತು, ಯಾವುದು ತಾಳದು ಎಂದು ಒಂದೊಂದನ್ನೂ ನೋಡಬೇಕು. ಈಗಿನ ಭಾಗಗಳಲ್ಲಿ ಅದು ಆಗದು ಎಂದೆ, ಅವರು ಒಪ್ಪಿದರು.

ಆರು ವಾರಗಳ ನಂತರ ಅವರು ಲಾಗ್‌ಗಳನ್ನು ತಂದು ಕೊಟ್ಟರು. ಅಂತರ ಇಳಿದ ಅತಿ ಕಡಿಮೆ ಮಟ್ಟ 2.9 ಬಾರ್, ಪಂಪ್‌ನಲ್ಲಿ ಅತಿ ಕಡಿಮೆ ವೋಲ್ಟೇಜ್ 13.2. ಟ್ಯಾಂಕ್ ಮುಚ್ಚಳ ತೆಗೆದು ಹೋಸನ್ನು ಮುಟ್ಟಿ ನೋಡಿದೆವು; ಹಾಕಿದ ದಿನದಷ್ಟೇ ಗಟ್ಟಿಯಾಗಿತ್ತು. ಮುಂದೆ ಇದನ್ನು ಬಿಚ್ಚುವವರಿಗೆ ತಿಳಿಯಲೆಂದು ಹೋಸ್‌ನ ಮುದ್ರೆಯನ್ನೂ ಅದನ್ನು ಹಾಕಿದ ತಾರೀಖನ್ನೂ ಮುಚ್ಚಳದ ಪಕ್ಕದ ಲೋಹದ ಮೇಲೆ ಬರೆದಿಟ್ಟೆವು.